ಕೋವಿಯ ಹಿಡಿಗೆ ಅಕ್ರೋಟು ಮರದ ಆಯ್ಕೆ

ಕೋವಿಯ ಲೋಹಭಾಗಗಳನ್ನು ಹೊತ್ತು ನಿಂತು, ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನು ಭುಜಕ್ಕೆ ದಾಟಿಸುವ ಮರದ ಹಿಡಿಯು ಗಟ್ಟಿಯಾಗಿದ್ದೂ ಹೆಚ್ಚು ಭಾರವಾಗಿರಬಾರದು, ಒಣಗಿದ ಮೇಲೆ ಸೊಟ್ಟಗಾಗಬಾರದು, ಉಳಿಯ ಅಂಚಿಗೆ ಸಿಕ್ಕು ಸೀಳಲೂಬಾರದು. ಈ ಗುಣಗಳು ಒಂದೆಡೆ ಕೂಡಿರುವುದರಿಂದಲೇ ಕೋವಿ ತಯಾರಕರು ಶತಮಾನಗಳಿಂದ ಅಕ್ರೋಟನ್ನು ನೆಚ್ಚಿಕೊಂಡು ಬಂದಿದ್ದಾರೆ. ಟರ್ಕಿ, ಕಾಕಸಸ್, ಫ್ರಾನ್ಸ್ ಹಾಗೂ ಕಾಶ್ಮೀರಗಳಲ್ಲಿ ಬೆಳೆಯುವ ಜಗ್ಲನ್ಸ್ ರೀಜಿಯಾ ಎಂಬ ಜಾತಿಯ ಮರ ನವುರಾದುದು. ಅಮೆರಿಕದ ಕರಿ ಅಕ್ರೋಟು ಕೊಂಚ ಒರಟಾದರೂ ಬಾಳಿಕೆಯದು, 1903ರ ಸ್ಪ್ರಿಂಗ್‌ಫೀಲ್ಡ್ ಮತ್ತು ಅನಂತರದ ಗ್ಯಾರಂಡ್ ರೈಫಲ್‌ಗಳ ಹಿಡಿಗಳಿಗೆ ಬಳಕೆಯಾದದ್ದು ಇದೇ.

ಮರದ ತುಂಡನ್ನು ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ನಾರಿನ ಓಟವನ್ನು. ಬೆರಳುಗಳು ಸುತ್ತಿ ಹಿಡಿಯುವ ತೆಳ್ಳನೆಯ ಭಾಗ, ಅಂದರೆ ಹಿಡಿಯ ಕುತ್ತಿಗೆ, ಇಡೀ ರಚನೆಯಲ್ಲೇ ದುರ್ಬಲವಾದ ಜಾಗವಾಗಿರುವುದರಿಂದ ಅಲ್ಲಿ ನಾರುಗಳು ಕುತ್ತಿಗೆಯ ಇಳಿಜಾರನ್ನೇ ಅನುಸರಿಸಿ ಉದ್ದಕ್ಕೂ ಸಾಗಬೇಕು. ಅವು ಓರೆಯಾಗಿ ಅಡ್ಡ ಹಾಯ್ದು ಮೇಲ್ಮೈಗೆ ಬಂದು ಮುಗಿದರೆ, ಒಂದು ಬಲವಾದ ಒದೆತಕ್ಕೋ ಕೈಜಾರಿ ಬಿದ್ದ ಪೆಟ್ಟಿಗೋ ಹಿಡಿ ಅಲ್ಲಿಯೇ ಮುರಿಯುತ್ತದೆ. ಇಲ್ಲಿ ಕಣ್ಣು ಮೋಸಹೋಗುವುದು ಸುಲಭ, ಏಕೆಂದರೆ ಅಕ್ರೋಟಿನ ಕೆಚ್ಚಿನಲ್ಲಿ ಹರಿಯುವ ಕಪ್ಪು ಗೆರೆಗಳು ಬಣ್ಣದ ಶೇಖರಣೆಯಷ್ಟೇ ಆಗಿದ್ದು ನಾರಿನ ದಿಕ್ಕನ್ನು ಯಾವಾಗಲೂ ಸೂಚಿಸುವುದಿಲ್ಲ. ಕೀಸುಳಿಯಿಂದ ನಯಗೊಳಿಸಿದ ಮೈಯಲ್ಲಿ ಸೂಜಿಗೀರುಗಳಂತೆ ಕಾಣುವ ಸಣ್ಣ ಸಣ್ಣ ರಂಧ್ರಸಾಲುಗಳು, ಅಂದರೆ ಮರವು ನೀರು ಸಾಗಿಸುತ್ತಿದ್ದ ನಾಳಗಳು, ನಿಜವಾದ ದಿಕ್ಕನ್ನು ಹೇಳುತ್ತವೆ.

ಚಿತ್ತಾರ ಬೇಡವೆಂದಲ್ಲ. ಬುಡದ ಬೇರುಗಂಟಿನ ಬಳಿ, ಕಾಂಡ ಕವಲೊಡೆಯುವಲ್ಲಿ ನಾರುಗಳು ಸುರುಳಿಗೊಂಡು ಮೂಡಿಸುವ ಅಲೆ, ಗರಿಗಳ ವಿನ್ಯಾಸ ಅಪೂರ್ವವಾದುದೇ ಸರಿ. ಆದರೆ ಅದು ಭುಜಕ್ಕೆ ಆನಿಸುವ ಅಗಲವಾದ ಹಿಂಭಾಗದಲ್ಲಿ ಮಾತ್ರ ಇರಲಿ, ಕುತ್ತಿಗೆಯೂ ನಳಿಗೆಯ ಕೆಳಗಿನ ಮುಂಭಾಗವೂ ಸರಳವಾಗಿಯೇ ಉಳಿಯಲಿ. ಮುಂಭಾಗದ ನಾರು ತಿರುಚಿಕೊಂಡಿದ್ದರೆ ತೇವ ಏರಿಳಿದಾಗ ಮರ ನಳಿಗೆಯನ್ನು ಒತ್ತಿ ಗುರಿಯನ್ನೇ ಕದಲಿಸಬಲ್ಲದು.

ಹಲಗೆ ಸೀಳಿದ ಬಗೆಯೂ ಮುಖ್ಯ. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಕರಿ ಅಕ್ರೋಟು ವಾರ್ಷಿಕ ಉಂಗುರಗಳ ಗುಂಟ ಸುಮಾರು ಶೇ 7.8ರಷ್ಟು, ಉಂಗುರಗಳಿಗೆ ಅಡ್ಡಲಾಗಿ ಶೇ 5.5ರಷ್ಟು ಕುಗ್ಗುತ್ತದೆ, ಉಂಗುರಗಳು ಅಗಲವಾದ ಮೈಗೆ ನೇರಕ್ಕೆ ನಿಲ್ಲುವಂತೆ ಸೀಳಿದ ತುಂಡು ಕಡಿಮೆ ಡೊಂಕಾಗುವುದಕ್ಕೆ ಇದೇ ಕಾರಣ. ಒಣಗಿಸುವಲ್ಲಿ ಅವಸರ ಸಲ್ಲದು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಬಡಗಿಗಳ ಸ್ಥೂಲ ಲೆಕ್ಕ. ತುದಿಗಳು ಬೇಗ ಒಣಗಿ ಬಿರಿಯದಂತೆ ಅವಕ್ಕೆ ಮೇಣ ಬಳಿಯುತ್ತಾರೆ. ತುಂಡನ್ನು ತಿಂಗಳಿಗೊಮ್ಮೆ ತೂಗುತ್ತ ಹೋದಾಗ ತೂಕ ಇಳಿಯುವುದು ನಿಂತಿತೆಂದರೆ, ಮರವು ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡಿದೆ, ಉಳಿ ಹಿಡಿಯಬಹುದು ಎಂದರ್ಥ.