ಬಸ್ಸಿನ ಮರೆಗೆ ಹೋದ ಆಟೊ

ಬನ್ನೇರುಘಟ್ಟ ರಸ್ತೆಯೂ ಮಾರೇನಹಳ್ಳಿ ರಸ್ತೆಯೂ ಕೂಡುವ ಜಯದೇವ ಜಂಕ್ಷನ್ನಿನಲ್ಲಿ ಕಂಬದ ಮೇಲೊಂದು ಕ್ಯಾಮೆರಾ ಇದೆ ಎಂದುಕೊಳ್ಳಿ. ಜೆ.ಪಿ. ನಗರದ ಕಡೆಯಿಂದ ಮೂರು ಆಟೊ ಬರುತ್ತವೆ. ಮೂರಕ್ಕೂ ಹಸಿರು ಮೈ, ಹಳದಿ ಟಾಪು. ಅಡ್ಡಲಾಗಿ ಬಿಎಂಟಿಸಿ ಬಸ್ಸೊಂದು ಬಂದು, ಮೂರೂ ಅದರ ಮರೆಗೆ ಹೋಗುತ್ತವೆ. ಬಸ್ಸು ಸರಿದಾಗ ಒಂದು ಆಟೊ ಸಿಲ್ಕ್ ಬೋರ್ಡ್ ಕಡೆಗೆ ನೇರ ಹೊರಟಿದೆ, ಒಂದು ಡೇರಿ ಸರ್ಕಲ್ಲಿನತ್ತ ಎಡಕ್ಕೆ ಹೊರಳಿದೆ, ಇನ್ನೊಂದು ಬಾಡಿಗೆ ಮಾತಾಡುತ್ತಾ ನಡುರಸ್ತೆಯಲ್ಲೇ ನಿಂತಿದೆ. ಬಸ್ಸು ಬರುವ ಮೊದಲು ಎಲ್ಲಕ್ಕಿಂತ ಮುಂದಿದ್ದ ಆಟೊ ಈಗ ಇವುಗಳಲ್ಲಿ ಯಾವುದು?

ಕಂಪ್ಯೂಟರಿಗೆ ವಿಡಿಯೊ ಎಂದರೆ ಸೆಕೆಂಡಿಗೆ 25ರಂತೆ ಬರುವ ಬಿಡಿ ಚಿತ್ರಗಳು; ಒಂದೊಂದು ಚಿತ್ರವೂ ಲಕ್ಷಗಟ್ಟಲೆ ಅಂಕಿಗಳ ರಾಶಿ. ಈ ಚಿತ್ರದ ಆಟೊವೇ ಮುಂದಿನ ಚಿತ್ರದ ಆಟೊ ಎಂದು ಆ ಅಂಕಿಗಳಲ್ಲಿ ಎಲ್ಲೂ ಬರೆದಿರುವುದಿಲ್ಲ. ಗಂಟೆಗೆ 36 ಕಿ.ಮೀ. ವೇಗದ ಗಾಡಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ 40 ಸೆಂ.ಮೀ. ಸರಿದಿರುತ್ತದೆ. ಅಷ್ಟನ್ನು ಹಿಂಬಾಲಿಸುವುದು ಸುಲಭ. ಮರೆಯಲ್ಲಿ ಕಳೆದ ಎರಡು ಸೆಕೆಂಡು, ಅಂದರೆ 50 ಚಿತ್ರಗಳು, ಅಲ್ಲಿದೆ ತೊಡಕು.

ಹಳೆಯ ಉಪಾಯ ಸರಳವಾಗಿತ್ತು. ಕ್ಯಾಮೆರಾ ಕದಲುವುದಿಲ್ಲ, ರಸ್ತೆಯೂ ಕದಲುವುದಿಲ್ಲ. ಹಾಗಾಗಿ ಬಣ್ಣ ಬದಲಾದ ಪಿಕ್ಸೆಲ್ಲುಗಳೆಲ್ಲ ವಾಹನ. ಆದರೆ ಜಯನಗರದಂಥ ಕಡೆ ರಸ್ತೆಯ ಮೇಲೆ ಮರದ ನೆರಳು ಸದಾ ಆಡುತ್ತಿರುತ್ತದೆ. ಅಮೆರಿಕದ ಎಂಐಟಿಯ ಕ್ರಿಸ್ ಸ್ಟಾಫರ್ ಮತ್ತು ಎರಿಕ್ ಗ್ರಿಮ್ಸನ್ 1999ರಲ್ಲಿ ಇದಕ್ಕೊಂದು ದಾರಿ ತೋರಿಸಿದರು: ಪ್ರತಿ ಪಿಕ್ಸೆಲ್ಲಿಗೂ ಬಿಸಿಲಿನದೊಂದು, ನೆರಳಿನದೊಂದು, ಎಲೆಯದೊಂದು ಹೀಗೆ ಕೆಲವು ಸಹಜ ಬಣ್ಣಗಳಿರಲಿ, ಅವುಗಳಿಂದಾಚೆಯದು ಮಾತ್ರ ಹೊಸತು. ಸಹಜ ಬಣ್ಣಗಳ ಈ ಪಟ್ಟಿಯನ್ನು ಕಂಪ್ಯೂಟರ್ ಆಗಾಗ ತಿದ್ದಿಕೊಳ್ಳುತ್ತಲೂ ಇರುತ್ತದೆ. ಎಡವಟ್ಟಾಗುವುದು ಅಲ್ಲೇ. ಬಹಳ ಹೊತ್ತು ನಿಂತ ಕಾರು ನಿಧಾನವಾಗಿ ರಸ್ತೆಯ ಭಾಗವೇ ಆಗಿಬಿಡುತ್ತದೆ. ಸಂಜೆ ಏಳರ ಸಿಲ್ಕ್ ಬೋರ್ಡನ್ನು ಇದಕ್ಕೆ ತೋರಿಸಿದರೆ ರಸ್ತೆ ಖಾಲಿ ಇದೆ ಎಂದು ವರದಿ ಕೊಟ್ಟೀತು!

ಈಗಿನ ವಿಧಾನ ಬೇರೆ. ಮನುಷ್ಯರು ಗುರುತು ಹಾಕಿಕೊಟ್ಟ ಸಾವಿರಾರು ಚಿತ್ರ ನೋಡಿ ಕಂಪ್ಯೂಟರ್ ವಾಹನಗಳನ್ನು ಕಲಿಯುತ್ತದೆ. ಕಂಡ ವಾಹನಕ್ಕೆ ಆಯತಾಕಾರದ ಚೌಕಟ್ಟು ಹಾಕಿ ಹೆಸರು ಹೇಳುತ್ತದೆ. ಆದರೆ ಕಲಿಸಿದ್ದನ್ನಷ್ಟೇ ಅದು ಬಲ್ಲದು. ಪ್ರಪಂಚದೆಲ್ಲೆಡೆ ಬಳಕೆಯಲ್ಲಿರುವ, 2014ರ ಕೋಕೋ ಚಿತ್ರಸಂಗ್ರಹದಲ್ಲಿ 80 ಬಗೆಯ ವಸ್ತುಗಳಿವೆ. ಜಿರಾಫೆ ಇದೆ, ಹಿಮದ ಮೇಲೆ ಜಾರುವ ಸ್ಕೀ ಇದೆ, ಆಟೊ ಇಲ್ಲ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ 2018ರಲ್ಲಿ ಹೊರತಂದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಆಟೊಗೆ ಜಾಗ ಸಿಕ್ಕಿತು. ಅದಕ್ಕಾಗಿ ಕಾರೊಂದು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಚಿತ್ರ ತೆಗೆಯುತ್ತಾ ಓಡಾಡಿತ್ತು. ಆದರೆ ಅದು ಕಾರಿನೊಳಗಿಂದ ಕಂಡ ರಸ್ತೆ. ಕಂಬದ ಮೇಲಿಂದ ನೋಡುವ ಕ್ಯಾಮೆರಾಕ್ಕೆ ಬೇರೆಯದೇ ಪಾಠ ಬೇಕು. ಭಾರತೀಯ ವಿಜ್ಞಾನ ಸಂಸ್ಥೆ 2025ರಲ್ಲಿ ಬಿಡುಗಡೆ ಮಾಡಿದ ಯುವಿಎಚ್-26 ಸಂಗ್ರಹ ಅಂಥದ್ದು. ಬೆಂಗಳೂರಿನ ಸೇಫ್ ಸಿಟಿ ಯೋಜನೆಯ ಸುಮಾರು 2,800 ಕ್ಯಾಮೆರಾಗಳಿಂದ ಆಯ್ದ 26,646 ಚಿತ್ರಗಳಿಗೆ 565 ಕಾಲೇಜು ವಿದ್ಯಾರ್ಥಿಗಳು ಒಟ್ಟು 18 ಲಕ್ಷ ಚೌಕಟ್ಟು ಹಾಕಿಕೊಟ್ಟರು. ಅದರಲ್ಲಿ ವಾಹನಗಳು 14 ಬಗೆ. ಆಟೊ ಇದೆ, ನಮ್ಮ ಟಿಟಿಗೂ, ಅಂದರೆ ಟೆಂಪೊ ಟ್ರಾವೆಲರಿಗೂ, ಪ್ರತ್ಯೇಕ ಸ್ಥಾನವಿದೆ. ನನ್ನ ಲೆಕ್ಕದಲ್ಲಿ ಹೀಗೆ ಚೌಕಟ್ಟು ಹಾಕಿಕೊಡುವುದು ಹೊಸ ಅಲ್ಗಾರಿದಂ ಬರೆಯುವುದಕ್ಕಿಂತ ಕಡಿಮೆ ಕೆಲಸವೇನಲ್ಲ.

ಚೌಕಟ್ಟಿಗೂ ನಮ್ಮ ರಸ್ತೆಗೂ ಒಂದು ಜಗಳವಿದೆ. ಒಂದೇ ವಾಹನಕ್ಕೆ ಎರಡು ಚೌಕಟ್ಟು ಬಿದ್ದರೆ ಕಂಪ್ಯೂಟರ್ ಒಂದನ್ನು ಕಿತ್ತುಹಾಕುತ್ತದೆ. ಎರಡೂ ಬಹುಪಾಲು ಒಂದರ ಮೇಲೊಂದು ಕೂತಿರುವುದೇ ಅದಕ್ಕೆ ಸುಳಿವು. ಲೇನ್ ಬಿಡದೆ ಸಾಗುವ ಊರುಗಳಲ್ಲಿ ಇದು ನಡೆಯುತ್ತದೆ. ಬನಶಂಕರಿ ಬಸ್ ನಿಲ್ದಾಣದೆದುರು ಸಿಗ್ನಲ್ಲಿಗೆ ಕಾದ ಸ್ಕೂಟರುಗಳು ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗಿಸಿ ನಿಂತಾಗ, ಹಿಂದಿನ ಸ್ಕೂಟರು ಮುಂದಿನದರ ನಕಲು ಎನ್ನಿಸಿಕೊಂಡು ಲೆಕ್ಕದಿಂದಲೇ ಮಾಯ.

ಇನ್ನು ಹಿಂಬಾಲಿಸುವ ಕೆಲಸ. ಅದಕ್ಕೆ ಎರಡು ಹಳೆಯ ಗಣಿತಗಳು ಒದಗಿಬಂದವು. ಬುಡಾಪೆಸ್ಟಿನಲ್ಲಿ ಹುಟ್ಟಿದ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಸೂತ್ರ, ಈವರೆಗಿನ ಚಲನೆಯಿಂದ ವಸ್ತು ಮುಂದಿನ ಕ್ಷಣ ಎಲ್ಲಿರಬೇಕೆಂದು ಊಹಿಸುತ್ತದೆ. ಹೆರಾಲ್ಡ್ ಕುಹ್ನ್ 1955ರಲ್ಲಿ ಪ್ರಕಟಿಸಿದ ಹಂಗೇರಿಯನ್ ವಿಧಾನ, ಊಹೆಗಳಿಗೂ ಹೊಸದಾಗಿ ಕಂಡ ಚೌಕಟ್ಟುಗಳಿಗೂ ಜೋಡಿ ಹಾಕುತ್ತದೆ. ರಾಗಿಗುಡ್ಡದ ದೇವಸ್ಥಾನದ ಹೊರಗೆ ಒಂದೇ ಥರದ ಚಪ್ಪಲಿಗಳಿದ್ದಾಗ ಎಲ್ಲರೂ ಹತ್ತಿರದ್ದನ್ನೇ ಮೆಟ್ಟಿಕೊಂಡು ಹೋದರೆ ಕೊನೆಯವನ ಪಾಡು ಕೇಳಬೇಡಿ. ಎಲ್ಲರ ಒಟ್ಟು ನಷ್ಟ ಅತಿ ಕಡಿಮೆಯಾಗುವಂತೆ ಹಂಚುವುದು ಈ ವಿಧಾನದ ಜಾಣತನ. 2016ರಲ್ಲಿ ಬಂದ ಸಾರ್ಟ್ ಎಂಬ ಅಲ್ಗಾರಿದಂ ಇವೆರಡನ್ನೇ ಕೂಡಿಸಿತು. ಮರೆಯಿಂದ ಹೊರಬಂದದ್ದನ್ನು ಅದು ಹೊಸ ವಾಹನವೆಂದೇ ಎಣಿಸುತ್ತಿತ್ತು. ಮರುವರ್ಷದ ಡೀಪ್‌ಸಾರ್ಟ್ ರೂಪವನ್ನೂ ನೆನಪಿಟ್ಟುಕೊಳ್ಳುವುದನ್ನು ಕಲಿಯಿತು. ಆದರೆ ಅದಕ್ಕೆ ಪಾಠವಾದದ್ದು ಪಾದಚಾರಿಗಳ ಚಿತ್ರಗಳು. ಜನರ ಅಂಗಿಯ ಬಣ್ಣ ಬೇರೆ ಬೇರೆ. ಆಟೊಗಳ ಸಮವಸ್ತ್ರ ಒಂದೇ. 2021ರ ಬೈಟ್‌ಟ್ರ್ಯಾಕ್ ಇನ್ನೊಂದು ಹೆಜ್ಜೆ ಇಟ್ಟಿತು. ಅರ್ಧ ಮರೆಯಾದ ವಾಹನದ ಬಗ್ಗೆ ಕಂಪ್ಯೂಟರಿಗೆ ಅನುಮಾನವಿರುತ್ತದೆ. ಅಂಥ ಅನುಮಾನದ ಚೌಕಟ್ಟುಗಳನ್ನು ಎಸೆಯದೆ, ಎರಡನೇ ಸುತ್ತಿನಲ್ಲಿ ಜೋಡಿ ಹುಡುಕಲು ಇಟ್ಟುಕೊಂಡಿತು.

ಚೌಕಟ್ಟನ್ನೇ ಬಿಟ್ಟು ವಸ್ತುವಿನ ಅಂಚನ್ನು ಪಿಕ್ಸೆಲ್ ಪಿಕ್ಸೆಲ್ಲಾಗಿ ಬಿಡಿಸುವುದು ಸೆಗ್ಮೆಂಟೇಶನ್. ಮೆಟಾ ಕಂಪನಿ 2024ರ ಜುಲೈನಲ್ಲಿ ಹೊರತಂದ ಸ್ಯಾಮ್ 2ಕ್ಕೆ ಒಂದು ಚಿತ್ರದಲ್ಲಿ ಆಟೊ ಮೇಲೆ ಕ್ಲಿಕ್ ಮಾಡಿದರೆ ಸಾಕು, ವಿಡಿಯೊ ಉದ್ದಕ್ಕೂ ಅದರ ಆಕಾರವನ್ನು ಬಿಡಿಸುತ್ತಾ ಹೋಗುತ್ತದೆ. ಇತ್ತೀಚಿನ ಕೆಲವು ಚಿತ್ರಗಳ ನೆನಪನ್ನೂ ನಾವು ಕ್ಲಿಕ್ ಮಾಡಿದ ಚಿತ್ರದ ನೆನಪನ್ನೂ ಇಟ್ಟುಕೊಂಡಿರುತ್ತದೆ. ವಸ್ತು ಈಗ ಕಾಣುತ್ತಿದೆಯೇ, ಮರೆಯಾಗಿದೆಯೇ ಎಂದು ಪ್ರತಿ ಚಿತ್ರದಲ್ಲೂ ಬೇರೆಯಾಗಿ ತೀರ್ಮಾನಿಸುತ್ತದೆ. ಬಸ್ಸು ಅಡ್ಡ ಬಂದಾಗ ಬಸ್ಸನ್ನೇ ಆಟೊ ಎಂದು ಹಿಡಿದುಕೊಂಡು ಹೋಗದಿರಲು ಇದು ಬೇಕು. ಆದರೂ ಗುಂಪಿನಲ್ಲಿ ಒಂದೇ ಥರದ ವಸ್ತುಗಳಿದ್ದರೆ ಇದು ಗಲಿಬಿಲಿಗೊಳ್ಳುತ್ತದೆ ಎಂದು ಮೆಟಾದವರೇ ಒಪ್ಪಿದ್ದಾರೆ.

ನಂಬರ್ ಪ್ಲೇಟ್ ಓದಿದರಾಯಿತಲ್ಲ? ಬೆಂಗಳೂರು ಸಂಚಾರ ಪೊಲೀಸರು 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್ನುಗಳಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ ಪ್ಲೇಟ್ ಓದುವ 250 ಕ್ಯಾಮೆರಾಗಳಿದ್ದವು. ದಂಡ ಹಾಕಲು ಅದು ಸರಿ. ಎತ್ತರದಿಂದ ಇಡೀ ಜಂಕ್ಷನ್ ನೋಡುವ ಕ್ಯಾಮೆರಾಕ್ಕೆ ಪ್ಲೇಟ್ ಎಂದರೆ ನಾಲ್ಕಾರು ಪಿಕ್ಸೆಲ್ಲುಗಳ ಬಿಳಿ ಅಥವಾ ಹಳದಿ ಮಚ್ಚೆ.

ಗುರುತು ಅದಲುಬದಲಾದರೆ ಕೆಡುವುದೇನು ಎಂಬುದು ನಾವು ಕೇಳುವ ಪ್ರಶ್ನೆಯ ಮೇಲಿದೆ. ಗಂಟೆಗೆ ಎಷ್ಟು ಆಟೊ ಹಾದವು ಎಂದರೆ, ಮೊದಲನೆಯದು ಮೂರನೆಯದಾದರೂ ಮೊತ್ತ ಅಷ್ಟೇ. ಜೆ.ಪಿ. ನಗರದಿಂದ ಬಂದವುಗಳಲ್ಲಿ ಡೇರಿ ಸರ್ಕಲ್ಲಿಗೆ ತಿರುಗಿದ್ದೆಷ್ಟು ಎಂದರೆ ಹಾಗಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಬಂದ ಆಟೊವೊಂದರ ಜೊತೆ ಗುರುತು ಬದಲಾದರೆ ಎರಡು ದಾರಿಗಳ ಲೆಕ್ಕವೂ ತಪ್ಪುತ್ತದೆ. ಎಡ ತಿರುವಿಗೆ ಹಸಿರು ದೀಪ ಎಷ್ಟು ಸೆಕೆಂಡು ಎಂದು ಗೊತ್ತುಮಾಡಲು ಬೇಕಾದದ್ದು ಈ ಎರಡನೆಯ ಲೆಕ್ಕ.