ಗಜದಾನಂದನ ಪ್ರಹಸನ

ಭರತಮುನಿಯ ನಾಟ್ಯಶಾಸ್ತ್ರದ ಕೊನೆಯ ಭಾಗದಲ್ಲಿ ಒಂದು ಕಥೆಯುಂಟು. ಭರತಪುತ್ರರು ನಾಟ್ಯವಿದ್ಯೆಯಲ್ಲಿ ಪಾರಂಗತರಾಗಿ, ಆ ಮದದಿಂದ ಋಷಿಗಳನ್ನೇ ಪರಿಹಾಸಕ್ಕೆ ಗುರಿಮಾಡಿ ಪ್ರಹಸನಗಳನ್ನಾಡಿದರಂತೆ. ಋಷಿಗಳು ಕೆರಳಿ, ಈ ನಟರೂ ಇವರ ಸಂತತಿಯೂ ತಮ್ಮ ಸ್ಥಾನದಿಂದ ಭ್ರಷ್ಟರಾಗಲೆಂದು ಶಪಿಸಿದರಂತೆ. ಋಷಿಶಾಪದ ಸ್ಥಾನದಲ್ಲಿ ವೈಸರಾಯರ ಆಜ್ಞೆ ಬಂದಿಳಿದ ಒಂದು ಪ್ರಸಂಗವನ್ನು ವಾಚಕಮಹಾಶಯರ ಮುಂದಿಡಬೇಕೆಂಬುದು ನಮ್ಮ ಬಹುದಿನದ ಆಸೆ. ಅದು ನಡೆದುದು ಕಲ್ಕತ್ತೆಯಲ್ಲಿ, 1876ನೆಯ ಇಸವಿಯಲ್ಲಿ.

ಅಲ್ಲಿಯ ಬಾಗಬಜಾರಿನ ಕೆಲವು ತರುಣರು 1868ರ ಸುಮಾರಿಗೆ ಹವ್ಯಾಸಕ್ಕಾಗಿ ಒಂದು ನಾಟಕಮಂಡಲಿಯನ್ನು ಕಟ್ಟಿಕೊಂಡಿದ್ದರು. ಅದುವರೆಗೆ ಬಂಗಾಳದಲ್ಲಿ ನಾಟಕವೆಂಬುದು ಜಮೀನ್ದಾರರ ಮನೆಯಂಗಳದ ವಿನೋದ. ಆಹ್ವಾನವಿಲ್ಲದವನಿಗೆ ಬಾಗಿಲು ತೆರೆಯದು. ಈ ತರುಣರು 1872ರ ಡಿಸೆಂಬರ್ 7ರಂದು, ಚಿತ್ಪುರದ ಸನ್ಯಾಲರ ಮನೆಯ ಅಂಗಳದಲ್ಲಿ, ‘ನ್ಯಾಷನಲ್ ಥಿಯೇಟರ್’ ಎಂಬ ಹೆಸರಿನಿಂದ ದೀನಬಂಧು ಮಿತ್ರರ ‘ನೀಲದರ್ಪಣ’ವನ್ನು ಆಡಿದರು. ಒಂದು ರೂಪಾಯಿ, ಎಂಟಾಣೆ, ಹೀಗೆ ಟಿಕೆಟ್ಟು. ಎಂಟಾಣೆಯುಳ್ಳ ಗುಮಾಸ್ತನೂ ಅಂದಿನಿಂದ ಪ್ರೇಕ್ಷಕನಾದನು.

ದೊಡ್ಡ ನಾಟಕ ಮುಗಿದ ಮೇಲೆ ಚಿಕ್ಕದೊಂದು ಪ್ರಹಸನವನ್ನು ಆಡಿ ಜನರನ್ನು ನಗಿಸಿ ಕಳುಹಿಸುವುದು ವಾಡಿಕೆಯಾಯಿತು. ಆ ಕಾಲಕ್ಕೆ ಡೇವ್ ಕಾರ್ಸನ್ ಎಂಬ ಬಿಳಿಯ ವಿದೂಷಕನೊಬ್ಬನು ಬಂಗಾಳಿ ಬಾಬುವಿನ ವೇಷಧರಿಸಿ ಹಾಡಿ ಕುಣಿದು ದೊರೆಗಳನ್ನು ನಗಿಸುತ್ತಿದ್ದನು. ನ್ಯಾಷನಲ್ ಥಿಯೇಟರಿನ ಅರ್ಧೇಂದುಶೇಖರ ಮುಸ್ತಾಫಿ ಎಂಬ ನಟರು 1873ರಲ್ಲಿ ‘ಮುಸ್ತಾಫಿ ಸಾಹೇಬ್ ಕಾ ಪಕ್ಕಾ ತಮಾಷಾ’ ಎಂದು ಹೆಸರಿಟ್ಟು, ಹರಕು ಕೋಟು ತೊಟ್ಟು, ಪಿಟೀಲು ಹಿಡಿದು ಸಾಹೇಬನನ್ನೇ ಅಣಕಿಸಿ ಅದಕ್ಕೆ ಉತ್ತರ ಕೊಟ್ಟರು. ಇಂಥ ನಗೆಯನ್ನು ನಾವಂತೂ ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಈ ಮಂಡಲಿ ಬೇಗನೆ ಒಡೆಯಿತು. ನಾಟಕಮಂಡಲಿಗಳ ಜಾತಕವೇ ಹಾಗೆ. 1873ರ ಕೊನೆಯ ದಿನ ಬೀಡನ್ ಬೀದಿಯಲ್ಲಿ ಮರದ ಕಟ್ಟಡವೊಂದರಲ್ಲಿ ‘ಗ್ರೇಟ್ ನ್ಯಾಷನಲ್ ಥಿಯೇಟರ್’ ಪ್ರಾರಂಭವಾಯಿತು. ಭುವನಮೋಹನ ನಿಯೋಗಿ ಎಂಬ ಸಿರಿವಂತ ತರುಣರು ಅದರ ಒಡೆಯರು. ಮೊದಲ ರಾತ್ರಿಯೇ ಅಲ್ಲಿ ಬೆಂಕಿ ಹೊತ್ತಿತು!

ಇನ್ನು ಪ್ರಕೃತಕ್ಕೆ ಬರೋಣ. 1875ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಯುವರಾಜರು (ಮುಂದೆ ಏಳನೆಯ ಎಡ್ವರ್ಡ್ ಆದವರು) ಕಲ್ಕತ್ತೆಗೆ ದಯಮಾಡಿಸಿದರು. ಹಿಂದೂ ಗೃಹದ ಅಂತಃಪುರವನ್ನು ಕಾಣಬೇಕೆಂಬ ಕುತೂಹಲ ಅವರಿಗೆ. ಜಗದಾನಂದ ಮುಖೋಪಾಧ್ಯಾಯರೆಂಬ ಪ್ರಸಿದ್ಧ ವಕೀಲರು 1876ರ ಜನವರಿಯಲ್ಲಿ ಅವರನ್ನು ಭವಾನೀಪುರದ ತಮ್ಮ ಮನೆಗೆ ಕರೆದರು. ಮನೆಯ ಸ್ತ್ರೀಯರು ಶಂಖವನ್ನೂದಿ, ಮಂಗಳಧ್ವನಿಗೈದು ಯುವರಾಜರನ್ನು ಒಳಗೆ ಬರಮಾಡಿಕೊಂಡರು. ಸ್ವಂತ ಬಂಧುಗಳಿಗೂ ಸುಲಭವಾಗಿ ತೆರೆಯದ ಬಾಗಿಲು ದೊರೆಮಗನಿಗೆ ತೆರೆಯಿತೆಂಬ ಸುದ್ದಿ ಹರಡಿ ಊರೆಲ್ಲ ಕೋಲಾಹಲವಾಯಿತು. ಹೇಮಚಂದ್ರ ಬಂದ್ಯೋಪಾಧ್ಯಾಯರು ‘ಬಾಜಿಮಾತ್’ ಎಂಬ ಪರಿಹಾಸಕವಿತೆಯನ್ನೇ ಬರೆದರು.

ಗ್ರೇಟ್ ನ್ಯಾಷನಲ್ಲಿನವರು ಸುಮ್ಮನಿರುವರೆ? ಉಪೇಂದ್ರನಾಥ ದಾಸರು ಆಗ ಅಲ್ಲಿಯ ನಿರ್ದೇಶಕರು. ಅಮೃತಲಾಲ ಬಸುಗಳು ವ್ಯವಸ್ಥಾಪಕರು. ಫೆಬ್ರವರಿ 19ರಂದು ‘ಗಜದಾನಂದ ಮತ್ತು ಯುವರಾಜ’ ಎಂಬ ಪ್ರಹಸನ ರಂಗಕ್ಕೇರಿತು. ಜಗದಾನಂದನು ಗಜದಾನಂದನಾದುದರಲ್ಲಿ ಗುಟ್ಟೇನೂ ಉಳಿಯಲಿಲ್ಲ. ರಾಜಭಕ್ತ ಪ್ರಜೆಯೊಬ್ಬರ ಅವಮಾನವೆಂದು ಪೊಲೀಸರು ತಡೆದರು. ಮಂಡಲಿಯವರು ಹೆಸರು ಬದಲಾಯಿಸಿ ‘ಹನುಮಾನ್ ಚರಿತ್ರ’ ಎಂದು ಆಡಿದರು. ಅದಕ್ಕೂ ತಡೆ. ಆಗ ಪೊಲೀಸರ ಕಡೆಗೇ ತಿರುಗಿದರು. ಪೊಲೀಸ್ ಕಮಿಷನರ ಹೆಸರು ಹಾಗ್, ಸೂಪರಿಂಟೆಂಡೆಂಟರ ಹೆಸರು ಲ್ಯಾಂಬ್. ಆಂಗ್ಲಭಾಷೆಯಲ್ಲಿ ಮೊದಲನೆಯದು ಹಂದಿ, ಎರಡನೆಯದು ಕುರಿಮರಿ. ‘ಹಂದಿ ಕುರಿಗಳ ಪೊಲೀಸು’ ಎಂಬರ್ಥದ ಹೆಸರಿನಿಂದ ಮಾರ್ಚ್ 1ರಂದು ಹೊಸ ಪ್ರಹಸನ ಸಿದ್ಧವಾಯಿತು. ಶ್ಲೇಷಾಲಂಕಾರಕ್ಕೆ ಇಷ್ಟು ಧೈರ್ಯದ ಉದಾಹರಣೆಯನ್ನು ನಾವು ಯಾವ ಅಲಂಕಾರಗ್ರಂಥದಲ್ಲಿಯೂ ಕಂಡಿಲ್ಲ.

ಅಷ್ಟರೊಳಗೆ ಫೆಬ್ರವರಿ 29ರಂದೇ ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕರು ನಾಟಕಗಳನ್ನು ನಿಷೇಧಿಸುವ ಅಧಿಕಾರವನ್ನು ಬಂಗಾಳ ಸರಕಾರಕ್ಕೆ ಕೊಡುವ ತುರ್ತು ಆಜ್ಞೆಯನ್ನು ಹೊರಡಿಸಿದ್ದರು. ಮಾರ್ಚ್ 4ರಂದು ಆಟ ನಡೆಯುತ್ತಿದ್ದಾಗಲೇ ಪೊಲೀಸರು ರಂಗವನ್ನು ಹೊಕ್ಕು ಉಪೇಂದ್ರನಾಥ, ಅಮೃತಲಾಲ ಮೊದಲಾದವರನ್ನು ಹಿಡಿದರು. ಆದರೆ ಆಪಾದನೆ ಗಜದಾನಂದನ ವಿಷಯದ್ದಲ್ಲ! ಉಪೇಂದ್ರನಾಥರ ‘ಸುರೇಂದ್ರ ವಿನೋದಿನಿ’ ಎಂಬ ಬೇರೊಂದು ನಾಟಕ ಅಶ್ಲೀಲವೆಂದು ಮೊಕದ್ದಮೆ. ಅದರಲ್ಲಿ ದುರ್ನಡತೆಯ ಆಂಗ್ಲ ಮ್ಯಾಜಿಸ್ಟ್ರೇಟನೊಬ್ಬನ ಪಾತ್ರವಿತ್ತೆಂದರೆ ಮಿಕ್ಕುದನ್ನು ವಾಚಕರೇ ಊಹಿಸಬಹುದು. ಕೆಳಗಿನ ನ್ಯಾಯಾಲಯವು ಇಬ್ಬರಿಗೂ ಒಂದು ತಿಂಗಳ ಸಾದಾ ಸೆರೆಯನ್ನು ವಿಧಿಸಿತು. ಅದೇ ತಿಂಗಳಲ್ಲಿ ಹೈಕೋರ್ಟು ಅವರನ್ನು ಬಿಡುಗಡೆ ಮಾಡಿತು.

ಈಗ ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುವೆವು. ಸಂಸ್ಕೃತ ಲಾಕ್ಷಣಿಕರು ಪ್ರಹಸನವನ್ನು ಶುದ್ಧ, ಸಂಕೀರ್ಣವೆಂದು ವಿಂಗಡಿಸಿ, ಕಪಟಸನ್ಯಾಸಿ, ವಿಟ, ಧೂರ್ತ ಮುಂತಾದ ಪಾತ್ರಗಳನ್ನು ಒಪ್ಪಿದರು. ಅಲ್ಲಿ ನಗೆಗೆ ಈಡಾಗುವುದು ಒಂದು ಬಗೆಯ ಮನುಷ್ಯರು. ಇಂಥ ಬೀದಿಯ ಇಂಥ ಮನೆಯವರೆಂದು ಬೆರಳು ತೋರಿಸುವುದಿಲ್ಲ. ಪಲ್ಲವರ ದೊರೆ ಮಹೇಂದ್ರವರ್ಮನು ಏಳನೆಯ ಶತಮಾನದಲ್ಲಿ ‘ಮತ್ತವಿಲಾಸ’ವನ್ನು ಬರೆದಾಗ ಕಥೆಯನ್ನು ತನ್ನ ರಾಜಧಾನಿಯಾದ ಕಾಂಚಿಯಲ್ಲಿಯೇ ಇಟ್ಟನು, ಭಿಕ್ಷುವಿನ ಹಣ ನ್ಯಾಯಸ್ಥಾನದವರ ಬಾಯಿಯನ್ನು ಮುಚ್ಚಿಸೀತೆಂಬ ಮಾತನ್ನು ಪಾತ್ರದಿಂದ ಆಡಿಸಿದನು. ಅರಸನೇ ತನ್ನ ನ್ಯಾಯಸ್ಥಾನವನ್ನು ನಗಬಹುದಾದರೆ, ಕಮಿಷನರನ್ನು ನಕ್ಕ ಪ್ರಜೆಯದೇನು ಅಪರಾಧ? ಜಗದಾನಂದರಾದರೂ ಸಾರ್ವಜನಿಕ ಪುರುಷರು. ದೊರೆಗಳ ಮನ್ನಣೆಯನ್ನು ಬಯಸಿ ಮಾಡಿದ ಕಾರ್ಯಕ್ಕೆ ಊರಿನ ನಗೆಯನ್ನು ಸಹಿಸಬೇಕಾದವರೇ ಸರಿ. ಆದರೆ ಶಂಖವೂದಿದ ಆ ಗೃಹಿಣಿಯರು? ಯಜಮಾನನು ಹೇಳಿದಂತೆ ಅವರು ನಡೆದುಕೊಂಡಿರಬೇಕು. ಟಿಕೆಟ್ಟು ಕೊಂಡು ಬಂದವರ ನಗೆ ಅವರ ಮೈಮೇಲೂ ಬಿದ್ದಿತಷ್ಟೆ. ಇಲ್ಲವೆನ್ನಲು ಅವರಿಗೆ ರಂಗವೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಇದೊಂದು ವಿಷಯದಲ್ಲಿ ನಮ್ಮ ಮನಸ್ಸು ಗ್ರೇಟ್ ನ್ಯಾಷನಲ್ಲಿನವರ ಪಕ್ಷಕ್ಕೆ ಒಪ್ಪುವುದಿಲ್ಲ.

ಹಾಗೆಂದು ಸರಕಾರವು ಆ ಗೃಹಿಣಿಯರಿಗಾಗಿ ಮರುಗಿತೆಂದು ಯಾರೂ ಭಾವಿಸಬೇಕಾಗಿಲ್ಲ. ಅದೇ ಡಿಸೆಂಬರಿನಲ್ಲಿ ತುರ್ತು ಆಜ್ಞೆಯು ಕಾಯಿದೆಯಾಯಿತು: 1876ರ 19ನೆಯ ಕಾಯಿದೆ. ಮಾನಹಾನಿಕರವಾದುದನ್ನೂ ನೀತಿಗೆಡಿಸುವುದನ್ನೂ ಮಾತ್ರವಲ್ಲದೆ, ಸರಕಾರದ ಮೇಲೆ ಅಪ್ರೀತಿ ಹುಟ್ಟಿಸಬಹುದಾದ ನಾಟಕವನ್ನೂ ನಿಷೇಧಿಸಲು ಅದರಲ್ಲಿ ಅವಕಾಶವಿತ್ತು. ಮೀರಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಜುಲ್ಮಾನೆ, ಇಲ್ಲವೆ ಎರಡೂ. ಪರದೆ, ವೇಷಭೂಷಣಗಳ ಜಪ್ತಿ ಬೇರೆ. ಒಬ್ಬ ವಕೀಲರ ಮನೆಯ ಸಂಗತಿಯಿಂದ ಹುಟ್ಟಿದ ಆ ಕಾಯಿದೆ ಆಳಿದವರು ಹೋದ ಮೇಲೂ ಹೋಗಲಿಲ್ಲ. ನಮ್ಮ ಮೈಸೂರು ರಾಜ್ಯವೂ 1964ರಲ್ಲಿ ನಾಟಕಪ್ರದರ್ಶನಗಳಿಗೆ ತನ್ನದೇ ಒಂದು ಕಾಯಿದೆಯನ್ನು ಮಾಡಿಕೊಂಡಿತು. ಮೂಲದ ಕಾಯಿದೆಯನ್ನು ಭಾರತ ಸರಕಾರವು ಬೇರೆ ಅನೇಕ ಹಳೆಯ ಶಾಸನಗಳೊಡನೆ ರದ್ದುಮಾಡಿದುದು 2018ರ ಜನವರಿಯಲ್ಲಿ.

ಅಮೃತಲಾಲ ಬಸುಗಳು ಆಮೇಲೆಯೂ ಅನೇಕ ಪ್ರಹಸನಗಳನ್ನು ಬರೆದು, ‘ರಸರಾಜ’ರೆಂದು ಕರೆಸಿಕೊಂಡು, 1929ರಲ್ಲಿ ತೀರಿಕೊಂಡರು.