ಕಾಳುಮೆಣಸಿನ ಕುಡಿ ಕೊರಕ: ಕಪ್ಪಾದುದೆಲ್ಲ ರೋಗವಲ್ಲ

ಅಡಿಕೆ ಮರಕ್ಕೋ ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೋ ಹಬ್ಬಿಸಿದ ಎಳೆಯ ಮೆಣಸಿನ ಬಳ್ಳಿಗಳು ಮುಂಗಾರು ಹಿಡಿದ ಮೇಲೆ ಹುಲುಸಾಗಿ ಚಿಗುರುತ್ತವೆ. ಆ ದಿನಗಳಲ್ಲೇ ಕೆಲವು ಬಳ್ಳಿಗಳ ತುದಿ ಕಪ್ಪಾಗಿ ಕೊಳೆಯುವುದನ್ನು ನಾವು ಕಾಣುತ್ತೇವೆ. ಅಡಿಕೆಗೆ ಕೊಳೆರೋಗವೂ ಮೆಣಸಿಗೆ ಸೊರಗು ರೋಗವೂ ಬರುವ ಕಾಲ ಅದೇ ಆದ್ದರಿಂದ, ಕಪ್ಪು ಕಂಡೊಡನೆ ನಮ್ಮ ಕೈ ಬೋರ್ಡೋ ದ್ರಾವಣದತ್ತ ಹೋಗುತ್ತದೆ. ಆದರೆ ಕುಡಿಯೊಳಗೆ ಹುಳುವಿದ್ದರೆ ಆ ಖರ್ಚು, ಕೂಲಿ ಎರಡೂ ವ್ಯರ್ಥ. ಬೋರ್ಡೋ ಶಿಲೀಂಧ್ರಕ್ಕೆ ಮದ್ದೇ ಹೊರತು ಹುಳುವಿಗಲ್ಲ.

ಪತಂಗದ ಗುರುತು

ಈ ಹುಳುವಿನ ತಾಯಿ ಒಂದು ಪುಟ್ಟ ಪತಂಗ. ಶಾಸ್ತ್ರೀಯ ಹೆಸರು ಸಿಡಿಯಾ ಹೆಮಿಡಾಕ್ಸಾ. ರೆಕ್ಕೆ ಬಿಚ್ಚಿದಾಗ ತುದಿಯಿಂದ ತುದಿಗೆ 10ರಿಂದ 15 ಮಿಲಿಮೀಟರ್, ಅಂದರೆ ಅರ್ಧ ಅಂಗುಲದ ಆಸುಪಾಸು. ಮುಂದಿನ ರೆಕ್ಕೆಗಳಲ್ಲಿ ಕಡುಗೆಂಪು ಮತ್ತು ಹಳದಿ ಬಣ್ಣ. ಹಿಂದಿನ ರೆಕ್ಕೆಗಳು ಬೂದು. ಇಷ್ಟು ಚಿಕ್ಕದಾದ್ದರಿಂದ ತೋಟದಲ್ಲಿ ಇದು ಕಣ್ಣಿಗೆ ಬೀಳುವುದು ಅಪರೂಪ. ನಮಗೆ ಕಾಣುವುದು ಅದರ ಮರಿಹುಳು ಮಾಡಿದ ಹಾನಿ ಮಾತ್ರ.

ಜೀವನ ಚಕ್ರ

ಎಲ್ಲ ಪತಂಗಗಳಂತೆ ಇದಕ್ಕೂ ಮೊಟ್ಟೆ, ಮರಿಹುಳು, ಕೋಶ, ಪತಂಗ ಎಂಬ ನಾಲ್ಕು ಅವಸ್ಥೆಗಳು. ಬಳ್ಳಿಗೆ ಕೇಡು ಮಾಡುವುದು ಮರಿಹುಳು. ಅದು ಎಳೆ ಕುಡಿಯನ್ನು ಕೊರೆದು ಒಳಹೊಕ್ಕು ತಿರುಳನ್ನು ತಿನ್ನುತ್ತದೆ. ಕುಡಿ ಕಪ್ಪಾಗಿ ಕೊಳೆಯುತ್ತದೆ. ಪೂರ್ತಿ ಬೆಳೆದ ಹುಳು ಬೂದು ಮಿಶ್ರಿತ ಹಸಿರು ಬಣ್ಣದ್ದು. ಉದ್ದ 12ರಿಂದ 15 ಮಿಲಿಮೀಟರ್. ಈ ಇಡೀ ಚಕ್ರ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಎಳೆ ಚಿಗುರು ಧಾರಾಳವಾಗಿರುವುದರಿಂದ ಬಾಧೆಯೂ ಆಗಲೇ ಹೆಚ್ಚು.

ಒಂದು ಕುಡಿ ಹೋದರೆ ಪಕ್ಕದಿಂದ ಮತ್ತೊಂದು ಬರುತ್ತದೆ. ಅದನ್ನೂ ಹುಳು ಕೊರೆದರೆ ಬಳ್ಳಿ ಮೇಲೇರುವುದೇ ಇಲ್ಲ. ಏರುವ ಬಳ್ಳಿಯ ಗೆಣ್ಣುಗಳಿಂದಲೇ ಮುಂದೆ ಕಾಳು ಕಟ್ಟುವ ಅಡ್ಡ ರೆಂಬೆಗಳು ಹೊರಡುವುದು. ಆದ್ದರಿಂದ ಈ ಮಳೆಗಾಲದಲ್ಲಿ ಕುಡಿ ಕಳೆದುಕೊಂಡ ಎಳೆ ಬಳ್ಳಿ ಮುಂದಿನ ಫಸಲನ್ನೂ ಕಳೆದುಕೊಂಡಂತೆಯೇ.

ರೋಗವೋ, ಹುಳುವೋ?

ಕಪ್ಪಾದ ಕುಡಿಯನ್ನು ಚಿವುಟಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ರಂಧ್ರ, ಒಳಗೆ ಟೊಳ್ಳು ಅಥವಾ ಹುಳು ಕಂಡರೆ ಅದು ಕುಡಿ ಕೊರಕ. ಇವಾವುವೂ ಇಲ್ಲದೆ, ನೆಲಕ್ಕೆ ತಾಗಿದ ಹಬ್ಬು ಬಳ್ಳಿಗಳ ಎಲೆಗಳಲ್ಲಿ ಕಪ್ಪು ಮಚ್ಚೆಗಳಿದ್ದರೆ ಸೊರಗು ರೋಗವೆಂದು ಸಂಶಯಪಡಬೇಕು. ಆಗ ಬೋರ್ಡೋ ತಡಮಾಡಬಾರದು. ಎರಡೂ ಒಟ್ಟಿಗೆ ಇರುವುದೂ ಉಂಟು.

ಹತೋಟಿ

ಮಳೆ ಬಿಡುವು ಕೊಟ್ಟಾಗಲೆಲ್ಲ ಎಳೆ ತೋಟದಲ್ಲಿ ಒಂದು ಸುತ್ತು ಹಾಕುವುದು ಒಳ್ಳೆಯದು. ಹುಳು ಹೊಕ್ಕ ಕುಡಿಯನ್ನು ಟೊಳ್ಳು ಮುಗಿಯುವಲ್ಲಿಗೆ ಕತ್ತರಿಸಿ, ಬುಡದಲ್ಲಿ ಬಿಸಾಡದೆ ಸುಟ್ಟುಬಿಡಬೇಕು. ಬಳ್ಳಿಗಳು ಕೆಲವೇ ಇದ್ದಲ್ಲಿ ಈ ಕೈಕೆಲಸವನ್ನೇ ಮೊದಲು ಮಾಡಿ ನೋಡಬೇಕು.

ಬಾಧೆ ಹೆಚ್ಚಾದರೆ ಎಳೆ ಕುಡಿಗಳಿಗೆ ಶೇಕಡಾ 0.05ರ ಕ್ವಿನಾಲ್‌ಫಾಸ್ ಸಿಂಪಡಿಸಿ, ಜುಲೈಯಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಪುನರಾವರ್ತಿಸುವುದು ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. 25 ಇ.ಸಿ. ಔಷಧಿಯಾದರೆ ಲೀಟರ್ ನೀರಿಗೆ 2 ಮಿಲಿಲೀಟರ್. ಇದು ವಿಷ, ಮುಖ, ಕೈ ಮುಚ್ಚಿಕೊಂಡೇ ಸಿಂಪಡಿಸಬೇಕು. ಕೀಟನಾಶಕಗಳ ನಿಯಮಗಳು ಬದಲಾಗುತ್ತಿರುವುದರಿಂದ ಕೊಳ್ಳುವ ಮುನ್ನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿರಿ.

ತೋಟಕ್ಕೆಲ್ಲ ಔಷಧಿ ಎರಚುವುದು ಬೇಡ. ಅಪಾಂಟಲಿಸ್ ಎಂಬ ಜಾತಿಯ ಪುಟ್ಟ ಕಣಜಗಳು ಈ ಹುಳುವಿನ ಮೇಲೆಯೇ ಬದುಕಿ ಅದನ್ನು ಕೊಲ್ಲುತ್ತವೆ. ಹುಳುವಿನ ಜೊತೆ ಅವೂ ಸತ್ತರೆ ನಷ್ಟ ನಮಗೇ. ಮೊದಲು ಸೀಳಿ ನೋಡೋಣ, ಆಮೇಲೆ ಮದ್ದು.